ಬಂದೂಕಿನ ಬಾಣಂತನ

ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಜನರನ್ನು ಒಳಗೆ ತುರುಕಿದ ಮನುಷ್ಯನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ತಾನು ಸೀಟಿ ಊದದಿದ್ದರೆ ಜಗತ್ತು ಮುಂದೆ ಹೋಗುವುದಿಲ್ಲ ಎಂದು ಅವನು ನಂಬಿಬಿಡುತ್ತಾನೆ. ಹುನಗುಂದದ ಅಮಾತೆಪ್ಪ ಇಳಕಲ್–ಬಾದಾಮಿ ಗಾಡಿಯ ಕಂಡಕ್ಟರಿಕೆಯಿಂದ ನಿವೃತ್ತನಾಗಿದ್ದ. ಅವನ ನಂಬಿಕೆ ಮಾತ್ರ ಇನ್ನೂ ನೌಕರಿಯಲ್ಲಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹಾಗಾಗಿ ಅವನ ಸೀಟಿಗೆ ನಿಲ್ಲುವ ಜೀವ ಎಂದರೆ ಊರ ಹೊರಗಿನ ಗೋವಿನಜೋಳದ ಹೊಲ, ಅದಕ್ಕೆ ನುಗ್ಗುವ ಕಾಡಹಂದಿಗಳು, ಮತ್ತು ಒಂದು ಬಂದೂಕು.

ಬಂದೂಕು ಹೊಸದು, ರೂಪ ಮಾತ್ರ ಹಳೆಯದು. ಅಪ್ಪನ ಕಾಲದ ಮದ್ದಿನ ಬಂದೂಕಿನ ನಳಿಗೆ ಸೀಳಿದ ಮೇಲೆ, ಅದೇ ಲೈಸೆನ್ಸಿನ ಮೇಲೆ, ಅದರ ತದ್ರೂಪನ್ನೇ ಬಾಗಲಕೋಟೆಯ ಗೌಸಸಾಬನ ಅಂಗಡಿಯಿಂದ ತಂದಿದ್ದ. ಬಾಯಿಯಿಂದ ಮದ್ದು ಸುರಿಯಬೇಕು, ಗಜ ಎನ್ನುವ ಉದ್ದನೆಯ ಸರಳಿನಿಂದ ಗಿಡಿಯಬೇಕು, ಹಿಂದೆ ಕಿಡಿ ಹಾರಿಸುವ ಕ್ಯಾಪು ಕೂಡಿಸಬೇಕು, ಆಮೇಲೆ ಕುದುರೆ ಎಳೆಯಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಅವಸರದ ಹಂದಿಯಾದರೆ ಉಂಡು ಮನೆಗೆ ಹೋಗಿರುತ್ತಿತ್ತು. ಅಮಾತೆಪ್ಪ ಗುಂಡನ್ನಂತೂ ಹಾಕುತ್ತಲೇ ಇರಲಿಲ್ಲ. "ಹಂದಿಗೂ ಮನಿ ಮಕ್ಳು ಇರ್ತಾವ. ಸಪ್ಪಳಕ್ಕ ಓಡಿ ಹೋದ್ರ ಸಾಕು," ಎನ್ನುತ್ತಿದ್ದ. ಆ ಸಪ್ಪಳಕ್ಕೆ ಹಂದಿಗಳಷ್ಟೇ ಅಲ್ಲ, ಪಕ್ಕದ ಹೊಲದ ಕೂಲಿಯವರೂ ಓಡುತ್ತಿದ್ದರು.

ಗೌಸಸಾಬ ಬಂದೂಕು ಕೊಡುವಾಗ ಒಂದು ಚಹಾ ಕುಡಿಯುವಷ್ಟು ಹೊತ್ತು ಉಪದೇಶ ಮಾಡಿದ್ದ.

"ನೋಡ್ ಅಮಾತೆಪ್ಪಣ್ಣಾ, ಬಂದೂಕ ತುಂಬೇತೋ ಖಾಲಿ ಐತೋ ಅನ್ನೂದನ್ನ ನಿನ್ನ ನೆನಪಿಗೆ ಕೇಳಬ್ಯಾಡ, ಗಜಕ್ಕ ಕೇಳು. ನೆನಪು ಸುಳ್ಳು ಹೇಳ್ತೈತಿ. ಇನ್ನೊಂದು, ಮದ್ದಿನ ಮಸಿ ಅಂದ್ರ ಉಪ್ಪಿದ್ದಂಗ. ಹಸಿ ಎಳಕೊಂಡು ಕಬ್ಬಣ ತಿಂತೈತಿ. ಇದರ ನಳಗ್ಯಾಗ ಸುರುಳಿ ಗೆರಿ ಅದಾವ, ಸಂದಿಗೊಂದಿ ಮಸಿ ಕುಂದರ್ತೈತಿ. ಕುದಿಯೂ ನೀರ್ಲೆ ತೊಳಿ, ಮೆತ್ತನ್ನ ಅರಿವೀಲೆ ಒರಸು, ಬೆಚ್ಚಗ ಆರಸು, ಎಣ್ಣಿ ಹಚ್ಚು. ಮರುದಿನ ಮತ್ತ ನೋಡು."

ಅಮಾತೆಪ್ಪ ಇದನ್ನು ಶಿವಯೋಗದಂತೆ ಪಾಲಿಸಿದ. ಆದರೆ ಹೋದ ಸಲದ ಚುನಾವಣೆ ಬಂದಾಗ, ಎಲ್ಲ ಲೈಸೆನ್ಸಿನ ಬಂದೂಕುಗಳನ್ನೂ ಠಾಣೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ಕೊಟ್ಟ. ಮಳೆಗಾಲ ಮುಗಿದ ಮೇಲೆ ಮರಳಿ ಬಂದದ್ದನ್ನು ನೋಡಿ ಅವನ ಎದೆ ಒಡೆಯಿತು. ಮೈತುಂಬ ತುಕ್ಕು. ನಳಿಗೆಯ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಮನೆ ಕಟ್ಟಿ ಸಂಸಾರ ಹೂಡಿತ್ತು. ಗೌಸಸಾಬ ಕೆರೆದು ಕೆರೆದು ಸುಸ್ತಾಗಿ ಹೇಳಿದ್ದ: "ನೋಡದ ಮದ್ದು ತುಂಬಿ ಹೊಡದಿದ್ರ ನಳಗಿ ಹರದು ನಿನ್ನ ಕೈ ತುಳಸಿಗೇರಿ ಹನುಮಪ್ಪನ ಗುಡಿ ಮುಂದ ಹೋಗಿ ಬೀಳ್ತಿತ್ತು. ಇನ್ನೊಮ್ಮಿ ಹಿಂಗ ತುಕ್ಕ ಹಿಡೀತಂದ್ರ, ಇದು ಬಂದೂಕಲ್ಲೋ ಅಣ್ಣಾ, ಒಲಿ ಊದೂ ಕೊಳವಿ."

ಈಗ ಪಂಚಾಯತಿ ಚುನಾವಣೆ ಬಂತು. ಶನಿವಾರ ಸಂಜೆಯೊಳಗೆ ಬಂದೂಕು ಒಪ್ಪಿಸಬೇಕೆಂದು ಹೇಳಲು ಪೊಲೀಸ್ ಹುಲ್ಲಪ್ಪ ಸೈಕಲ್ ಮೋಟಾರಿನ ಮೇಲೆ ಬಂದ.

"ಬಂದೂಕ ಇಲ್ಲ," ಎಂದ ಅಮಾತೆಪ್ಪ. "ಬಾಗಲಕೋಟ್ಯಾಗ ಗೌಸಸಾಬನ ಕಡೆ ರಿಪೇರಿಗೆ ಐತಿ."

"ಹಂಗಾರ ಶನಿವಾರದೊಳಗ ರಿಪೇರಿ ಚೀಟಿ ತಂದು ತೋರಸು," ಎಂದು ಹುಲ್ಲಪ್ಪ ಹೋದ.

ಬಂದೂಕು ಆಗ ಅವನ ಬೆನ್ನ ಹಿಂದಿನ ಕೋಣೆಯಲ್ಲೇ ಇತ್ತು. ಆದೇಶ ಬರುವುದಕ್ಕೆ ಒಂದು ಹೊತ್ತು ಮೊದಲು ಹಂದಿ ಬೆದರಿಸಲು ಹಾರಿಸಿದ್ದ. ಒಳಗೆಲ್ಲ ಮಸಿ. ಅಮಾತೆಪ್ಪ ಕದ ಹಾಕಿಕೊಂಡ, ಒಲೆಯ ಮೇಲೆ ಹಂಡೆ ಏರಿಸಿದ, ಗೋಡೆಯ ಮೇಲಿನ ಹೆಂಡತಿಯ ಫೋಟೋದ ಮುಂದೆ ನಿಂತು ಹೇಳಿದ: "ಕೊಡಂಗಿಲ್ಲ. ಏನ್ ಮಾಡ್ಕೊಂತಾರೋ ಮಾಡ್ಕೊಳ್ಳಿ." ಫೋಟೋದಲ್ಲಿದ್ದವಳು ಬದುಕಿದ್ದಾಗಲೂ ಇಂಥ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ಗುಟ್ಟಾಗಿತ್ತು. ಗುಟ್ಟು ಕೆಟ್ಟದ್ದು ಅರಿವೆಯಿಂದ.

ಮನೆಯಲ್ಲಿ ಮೆತ್ತನೆಯ ಅರಿವೆ ಇರಲಿಲ್ಲ. ಅಮಾತೆಪ್ಪ ಪಕ್ಕದ ಮನೆಯ ದೌಲತಬಿಯ ಬಾಗಿಲು ತಟ್ಟಿದ. ದೌಲತಬಿ ಎಂದರೆ ಓಣಿಯ ಅರ್ಧ ಜನರ ಮೊದಲ ಅಳು ಕೇಳಿದವಳು. ಉಳಿದರ್ಧ ಜನ ಅವಳಿಗೆ ತಿಳಿಸದೆ ದವಾಖಾನೆಯಲ್ಲಿ ಹುಟ್ಟಿದ್ದಕ್ಕೆ ಇನ್ನೂ ಸಿಟ್ಟಾಗಿದ್ದಳು.

"ದೌಲತಬಿ ಅಕ್ಕಾ, ಹಳೇ ಮೆತ್ತನ್ನ ಅರಿವಿ ಇದ್ರ ಕೊಡು. ಒರಟು ಇರಬಾರ್ದು."

"ಎದಕಪಾ?"

"ಒರಸಾಕ."

"ಏನ್ ಒರಸಾಕ?"

ಅಮಾತೆಪ್ಪ ಅರಿವೆ ಕಿತ್ತುಕೊಂಡು ಹೋದ. ದೌಲತಬಿ ಹೊಸ್ತಿಲಲ್ಲೇ ನಿಂತು ಮೂಗು ಎತ್ತಿದಳು. ಒಬ್ಬಂಟಿ ಗಂಡಸು, ಮುಚ್ಚಿದ ಕದ, ಕುದಿಯುವ ಹಂಡೆ, ಬಿಸಿ ಎಣ್ಣೆಯ ವಾಸನೆ, ಮೆತ್ತನೆಯ ಅರಿವೆ. ಅಷ್ಟರಲ್ಲಿ ಅಮಾತೆಪ್ಪನ ಬಚ್ಚಲಿನಿಂದ ಗಟಾರಕ್ಕೆ ನೀರು ಬಂತು. ಕಾಡಿಗೆಯಷ್ಟು ಕಪ್ಪು. ಅದರ ಹಿಂದೆಯೇ ಕೊಳೆತ ತತ್ತಿಯಂಥ ನಾತ. ಮದ್ದಿನ ಗಂಧಕಕ್ಕೆ ಬಿಸಿನೀರು ಬಿದ್ದರೆ ಇಂಥ ನಾತ ಬರುತ್ತದೆಂದು ಗೌಸಸಾಬನಿಗೆ ಗೊತ್ತು. ದೌಲತಬಿಗೆ ಗೊತ್ತಿದ್ದದ್ದು ಬೇರೆ. ಕೂಸು ಮೊದಲ ದಿನ ಕಪ್ಪಗೆ ಕಕ್ಕಸು ಮಾಡುತ್ತದೆ ಎಂಬುದು ಹೆತ್ತವರಿಗೆಲ್ಲ ಗೊತ್ತು.

"ಯಾ ಅಲ್ಲಾ," ಎಂದಳು. "ಮೊದಲನೇ ದಿನದ್ದು."

ಮರುದಿನ ನೀರು ಬೂದಿ ಬಣ್ಣಕ್ಕೆ ತಿರುಗಿತು. "ಕೂಸಿಗೆ ಹಾಲು ಹತ್ತೇತಿ," ಎಂದು ದೌಲತಬಿ ಓಣಿಗೆ ವರದಿ ಕೊಟ್ಟಳು. ಅದರ ಮರುದಿನ ತಿಳಿಯಾಯಿತು. "ಆರಾಮ ಐತಿ. ಇನ್ನ ಚಿಂತಿಲ್ಲ."

ಕೂಸು ಅಳುವುದು ಯಾಕೆ ಕೇಳಿಸುವುದಿಲ್ಲ ಎಂದು ಯಾರೋ ಸಂಶಯ ತೆಗೆದರು. ದೌಲತಬಿ ಅವರನ್ನು ನುಂಗುವಂತೆ ನೋಡಿದಳು. "ಶಾಂತ ಕೂಸು. ನಿಮ್ಮವರಂಗ ಹಾಲಿಲ್ದ ಅರಚ್ತಾವೇನು ಎಲ್ಲಾ?" ಒಳಗಿನಿಂದ ಅಮಾತೆಪ್ಪನ ದನಿಯಂತೂ ಕೇಳಿಸುತ್ತಿತ್ತು. ಗಜಕ್ಕೆ ಅರಿವೆ ಸುತ್ತಿ ನಳಿಗೆಯಲ್ಲಿ ಆಡಿಸುವಾಗ ಅವನಿಗೆ ಹಳೆಯ ನೌಕರಿ ನೆನಪಾಗಿ, "ಹಾಂ, ಒಳಗ ಹೋಗು, ಒಳಗ ಹೋಗು, ಜಾಗಾ ಭಾಳ ಐತಿ... ರೈಟ್!" ಎನ್ನುತ್ತಿದ್ದ. ಕೂಸಿಗೆ ಹೀಗೆ ಜೋಗುಳ ಹಾಡುವವರು ಯಾರೂ ಇಲ್ಲ. ಕಂಡಕ್ಟರನ ಜೋಗುಳ ಹೀಗೇ ಇರುತ್ತದೆಂದು ಓಣಿ ಒಪ್ಪಿಕೊಂಡಿತು.

ಉಳಿದದ್ದು ತಾಯಿ ಯಾರೆಂಬ ಪ್ರಶ್ನೆ. ಮೂವತ್ತು ವರ್ಷದ ಬಸ್ಸಿನ ದಾರಿ ಇಲ್ಲಿ ಓಣಿಗೆ ಭಾರೀ ಉಪಯೋಗಕ್ಕೆ ಬಂತು. ಇಳಕಲ್ಲಿನ ನೇಕಾರರ ಮನೆಯವಳು ಎಂದು ಒಬ್ಬರು, ಮಹಾಕೂಟದಲ್ಲಿ ಹೂವು ಮಾರುವವಳು ಎಂದು ಇನ್ನೊಬ್ಬರು. ಬೈಗಾಗುವಷ್ಟರಲ್ಲಿ ಬಸ್ಸು ನಿಲ್ಲುತ್ತಿದ್ದ ಒಂದೊಂದು ಊರಲ್ಲೂ ಅಮಾತೆಪ್ಪನಿಗೊಬ್ಬ ಹೆಂಡತಿ ಸಿದ್ಧಳಾಗಿದ್ದಳು. ಗಾಡಿ ನಿಲ್ಲದ ಊರುಗಳು ಮಾತ್ರ ಮಾನ ಉಳಿಸಿಕೊಂಡವು.

ದೌಲತಬಿ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿ, ಡಬ್ಬಿ ತುಂಬಿ, ಬಾಗಿಲ ಮುಂದಿಟ್ಟಳು. ಅಮಾತೆಪ್ಪ ಅಡುಗೆ ಮಾಡುವುದನ್ನೂ ಮರೆತು ಬಂದೂಕಿನ ಮುಂದೆ ಕೂತಿದ್ದ. ಯಾರಿಟ್ಟರು, ಯಾಕಿಟ್ಟರು ಎಂದು ಕೇಳುವ ಶಕ್ತಿ ಹಸಿದವನಿಗೆ ಇರುವುದಿಲ್ಲ. ಡಬ್ಬಿ ಖಾಲಿ ಮಾಡಿ ಹೊರಗಿಟ್ಟ.

"ನೋಡ್ರೆವ್ವಾ, ಎಷ್ಟ ಚಂದ ಉಂಡಾಳ!" ಎಂದು ದೌಲತಬಿ ಖಾಲಿ ಡಬ್ಬಿಯನ್ನು ಮನೆಮನೆಗೆ ತೋರಿಸಿ, ಇನ್ನೊಂದು ಡಬ್ಬಿ ಕಟ್ಟಿದಳು.

ಮಾತು ಆಶಾ ಕಾರ್ಯಕರ್ತೆ ಆಫ್ರೀನಳ ಕಿವಿಗೆ ಬಿತ್ತು. ತನ್ನ ಓಣಿಯಲ್ಲಿ ತನಗೆ ತಿಳಿಯದೆ ಒಂದು ಹೆರಿಗೆ ಆಗುವುದೆಂದರೆ! ಲಸಿಕೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟಳು. ಅಮಾತೆಪ್ಪ ಕದವನ್ನು ಬೆರಳಷ್ಟು ತೆರೆದ.

"ಕಾಕಾ, ಕೂಸಿಗೆ ಲಸಿಕಿ ಆಗೇತೇನ್ರಿ?"

"ಯಾ ಕೂಸು?"

"ಮುಚ್ಚಬ್ಯಾಡ್ರಿ ಕಾಕಾ. ಓಣಿಗೆಲ್ಲಾ ಗೊತ್ತೈತಿ."

ಅಮಾತೆಪ್ಪನಿಗೆ ಆಗ ಎರಡು ಡಬ್ಬಿ ಉಂಡಿಯ ಅರ್ಥ ಹೊಳೆಯಿತು. ಕೂಸಿಲ್ಲ ಎಂದರೆ, ಹಾಗಾದರೆ ಬಿಸಿನೀರು ಯಾರಿಗೆ ಎನ್ನುತ್ತಾರೆ. ಬಂದೂಕಿಗೆ ಎಂದರೆ ಹುಲ್ಲಪ್ಪ ಬರುತ್ತಾನೆ. ಮರ್ಯಾದೆ ಹೋದರೆ ಹೋಗಲಿ, ನಳಿಗೆ ಉಳಿಯಲಿ ಎಂದು ಅವನು ಒಂದೇ ಕ್ಷಣದಲ್ಲಿ ತೀರ್ಮಾನಿಸಿದ. ಇಂಥ ತೀರ್ಮಾನಕ್ಕೆ ಶೌರ್ಯ ಬೇಕು. ಬುದ್ಧಿ ಬೇಕೇಬೇಕೆಂದಿಲ್ಲ.

"ಐತಿ," ಎಂದ ಎದೆ ಸೆಟೆಸಿ. "ಏನೀಗ?"

"ಎಲ್ಲಿ ಹಡದಾರ್ರೀ?"

"ಬಾಗಲಕೋಟ್ಯಾಗ."

"ತೂಕ?"

ಇದೊಂದು ಅವನಿಗೆ ಖಚಿತವಾಗಿ ಗೊತ್ತಿತ್ತು. "ನಾಕ ಕೇಜಿ ಮ್ಯಾಲ!"

"ಯಪ್ಪಾ! ಗಂಡೋ ಹೆಣ್ಣೋ?"

ಅಮಾತೆಪ್ಪ ಈ ಕಡೆಯಿಂದ ಎಂದೂ ವಿಚಾರ ಮಾಡಿರಲಿಲ್ಲ. "ಇನ್ನಾ... ನೋಡಿಲ್ಲ."

ಆಫ್ರೀನಳ ಹುಬ್ಬು ಏರಿತು. "ತಾಯಿನ್ನ ಕರೀರಿ."

"ತಾಯಿ ಇಲ್ಲ. ನಾನs ತಂದೇನಿ."

"ತಂದೀರಿ? ಎಲ್ಲಿಂದ ತಂದ್ರಿ? ಯಾರ ಕೊಟ್ರು?"

ಅವಳ ದನಿಯಲ್ಲಿದ್ದ ಸಂಶಯ ಅಮಾತೆಪ್ಪನ ಅಭಿಮಾನಕ್ಕೆ ಚುಚ್ಚಿತು. ಟಿಕೇಟಿಲ್ಲದೆ ಒಬ್ಬ ಹುಡುಗನನ್ನೂ ಹತ್ತಿಸಿಕೊಳ್ಳದ ಮನುಷ್ಯ ಅವನು. "ಏ ತಂಗಿ! ನಾ ಕಳುವು ಮಾಡಿ ತಂದಿಲ್ಲ. ಅಂಗಡಿಯೊಳಗ ರೊಕ್ಕಾ ಎಣಿಸಿ ತಂದೇನಿ! ಬಿಲ್ ಐತಿ!"

ಆಫ್ರೀನ ಎರಡು ಹೆಜ್ಜೆ ಹಿಂದೆ ಸರಿದು, ಚೀಲದಿಂದ ಫೋನು ತೆಗೆದಳು.

ಶನಿವಾರ ಮುಂಜಾನೆಯ ಮೊದಲ ಬಸ್ಸಿಗೆ ಬಾದಾಮಿಯಿಂದ ಅಮಾತೆಪ್ಪನ ಅಕ್ಕ ಇಂದ್ರಾಬಾಯಿ ಬಂದಿಳಿದಳು. ಯಾರೋ ಫೋನು ಮಾಡಿದ್ದರು. ಒಂದು ಕೈಯಲ್ಲಿ ಕೂಸಿನ ತಲೆಗೆ ತೊಡಿಸಲು ತಾನೇ ಹೊಲಿದ ಕುಂಚಿಗೆ, ಇನ್ನೊಂದರಲ್ಲಿ ಇಳಕಲ್ ಸೀರೆ ಹರಿದು ಮಾಡಿದ ತೊಟ್ಟಿಲ ಬಟ್ಟೆ. ಬಾಯಲ್ಲಿ ಬೈಗುಳ.

"ಲೇ ಅಮಾತ್ಯಾ! ನಾ ಸತ್ತೇನಂತ ತಿಳದಿ ಏನ? ಕೂಸಿನ ಕಿವ್ಯಾಗ ಹೆಸರು ಕರಿಯೂ ಹಕ್ಕು ಸೋದರತ್ತಿದು. ಅದನ್ನೂ ಬಚ್ಚಿಟ್ಟಿ? ತಗಿ ಕದಾ!"

"ಅಕ್ಕಾ, ನೀ ಬಾದಾಮಿಗೆ ಹೋಗು, ನಾ ಆಮ್ಯಾಲ ಹೇಳ್ತೇನಿ," ಎಂದು ಒಳಗಿನಿಂದ ಅಮಾತೆಪ್ಪ.

"ಹೋಗ್ತೇನಿ! ಕುಂಚಗಿ ಹಾಕಿ, ತೊಟ್ಲಾಗ ಮಲಗಿಸಿ, ಹೆಸರಿಟ್ಟs ಹೋಗ್ತೇನಿ. ಬಾದಾಮಿ ಬಸ್ ಸ್ಟ್ಯಾಂಡಿನ್ಯಾಗ ನಾಕ ಮಂದಿಗೆ ಹೇಳಿ ಬಂದೇನಿ, ನನ್ನ ತಮ್ಮಗ ಕೂಸಾಗೇತಿ ಅಂತ. ಬರೇ ಕೈಲೆ ಹೆಂಗ ಹೊಳ್ಳಿ ಹೋಗ್ಲಿ?" ಎಂದು ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ದೌಲತಬಿ ತನ್ನ ಮನೆಯ ತೊಟ್ಟಿಲನ್ನೇ ಹೊತ್ತು ತಂದಳು. ಓಣಿಯ ಹೆಂಗಸರು ಸುತ್ತ ನೆರೆದರು.

ಆಗ ಪೊಲೀಸ್ ಜೀಪು ಬಂತು.

ಇಳಿದವರು ಪಿಎಸ್‌ಐ ರೋಹಿಣಿ ಮೇಡಂ, ಮೈಸೂರು ಕಡೆಯವರು, ಬಂದು ಎರಡು ತಿಂಗಳಾಗಿತ್ತು. ಹಿಂದೆ ಹುಲ್ಲಪ್ಪ, ಅವನ ಹಿಂದೆ ಆಫ್ರೀನ.

"ಬಾಗಿಲು ತೆಗೀರಿ," ಎಂದರು ಮೇಡಂ. "ಮಗು ಎಲ್ಲಿ?"

ಕದ ತೆರೆಯಿತು. "ಕೂಸು ಇಲ್ರೀ ಮೇಡಮ್ಮಾರ."

"ನಿನ್ನೆ ಇತ್ತು ಅಂದಿದ್ದೀರಿ. ದುಡ್ಡು ಕೊಟ್ಟು ತಂದೆ ಅಂದಿದ್ದೀರಿ. ಈಗ ಇಲ್ಲ. ಮಾರಿಬಿಟ್ರಾ?"

ಓಣಿ "ಹಾ!" ಎಂದಿತು. ಇಂದ್ರಾಬಾಯಿ ಎದೆ ಹಿಡಿದುಕೊಂಡಳು. ಅಮಾತೆಪ್ಪ ಅಕ್ಕನ ಮುಖ ನೋಡಿದ, ಮೇಡಂ ಮುಖ ನೋಡಿದ. ಸುಮ್ಮನೆ ಒಳಗೆ ಹೋಗಿ, ಮೆತ್ತನೆಯ ಅರಿವೆಯಲ್ಲಿ ಸುತ್ತಿದ ಉದ್ದನೆಯದನ್ನು ಎರಡೂ ಕೈಯಿಂದ ಎತ್ತಿಕೊಂಡು, ಬಾಯಿ ಆಕಾಶಕ್ಕೆ ಮಾಡಿ ಹಿಡಿದು ಹೊರಗೆ ಬಂದ. ಅರಿವೆ ಸರಿಸಿದ.

"ಇದs ರೀ ಕೂಸು."

ಮೊದಲು ಬಾಯಿ ಬಂದದ್ದು ಹುಲ್ಲಪ್ಪನಿಗೆ. "ಏ! ಇದು ಬಾಗಲಕೋಟ್ಯಾಗ ರಿಪೇರಿಗಿತ್ತಲ್ಲೋ ಮಾರಾಯಾ!" ಮರುಗಳಿಗೆಗೆ ಇನ್ನೊಂದು ವಿಚಾರ ಬಂದು, "ತುಂಬೇತೇನೋ?" ಎಂದು ದೌಲತಬಿಯ ಹಿಂದೆ ನಿಂತ.

"ತುಂಬೇತಿ" ಎಂದಷ್ಟೇ ಓಣಿಗೆ ಕೇಳಿಸಿತು. ಹೆಂಗಸರು ಗೋಡೆಗೆ ಅಂಟಿದರು. ಒಬ್ಬಾಕೆ ತೊಟ್ಟಿಲಲ್ಲೇ ಕೂತಳು. ಅಮಾತೆಪ್ಪನ ಒಳಗಿನ ಕಂಡಕ್ಟರ್ ಎದ್ದು ನಿಂತ.

"ನಿಂದರ್ರಿ! ಯಾರೂ ನೂಕಾಡಬ್ಯಾಡ್ರಿ! ಬಾಜೂಕ ಸರೀರಿ!" ಎಂದು ಕೂಗಿದ. ಕ್ಯಾಪು ಇಲ್ಲದ ಜಾಗ ಬೆರಳಿಟ್ಟು ತೋರಿಸಿದ. ಗಜವನ್ನು ನಳಿಗೆಯೊಳಗೆ ತಳದವರೆಗೆ ಬಿಟ್ಟು, ಬಾಯಿಯ ಹತ್ತಿರ ಹೆಬ್ಬೆರಳು ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆದ. ಎರಡೂ ಸಮ. "ಒಳಗ ಏನರ ಇದ್ರ ಗಜ ಅಷ್ಟs ಮ್ಯಾಲ ನಿಂದರ್ತಿತ್ತು. ಖಾಲಿ ಐತಿ. ಖಾಲಿ ಇದ್ರೂ ಇದರ ಬಾಯಿ ಮುಂದ ನಿಂದರಬಾರ್ದು. ಮೇಡಮ್ಮಾರ, ನಿಮಗs ಹೇಳಾಕತ್ತೇನ್ರಿ. ಬಾಜೂಕ."

ಮೇಡಂ ತಮಗೇ ತಿಳಿಯದಂತೆ ಬಾಜೂಕ ಸರಿದರು. ಸರಿದದ್ದು ಗೊತ್ತಾಗಿ ಸಿಟ್ಟು ಬಂತು.

"ಇವತ್ತೇ ಕೊನೇ ದಿನ. ಕೊಡಿ ಇಲ್ಲಿ."

"ಕೊಡಂಗಿಲ್ರೀ."

"ಏನಂದ್ರಿ?"

"ಹೋದ್ ಸಲ ಕೊಟ್ಟೆ. ಕಬ್ಬಣ ಕೊಟ್ಟೆ, ತುಕ್ಕು ಬಂತು. ಬಾಯಾಗ ಹುಳು ಮಣ್ಣು ತುಂಬಿತ್ತು. ನೋಡದ ಹೊಡದಿದ್ರ ಈ ಕೈ ಇರ್ತಿದ್ದಿಲ್ಲ. ಈ ಸಲ ತುಕ್ಕ ಹಿಡದ್ರ ನಳಗಿ ಹೋತು. ಸರ್ಕಾರ ಕೇಳ್ತೈತಿ, ಕೊಡೂದು ನನ್ನ ಧರ್ಮ, ಒಪ್ತೇನಿ. ಕೆಡಸದs ಹೊಳ್ಳಿ ಕೊಡೂದು ಸರ್ಕಾರದ ಧರ್ಮ ಅಲ್ಲೇನ್ರಿ?"

"ಸುಳ್ಳು ಹೇಳಿದ್ದಕ್ಕೆ ಕೇಸ್ ಹಾಕ್ತೀನಿ!"

ಆಗ ಕಟ್ಟೆಯಿಂದ ಇಂದ್ರಾಬಾಯಿ ಎದ್ದಳು. ತಮ್ಮನ ಕೆನ್ನೆಗೆ ಹೊಡೆಯಲೆಂದೇ ಎದ್ದಿದ್ದಳು. ಆದರೆ ಕುಂಚಿಗೆ ಕೈಯಲ್ಲಿತ್ತು, ಓಣಿ ನೋಡುತ್ತಿತ್ತು, ಬಾದಾಮಿಯ ಬಸ್ ಸ್ಟ್ಯಾಂಡು ಕಾಯುತ್ತಿತ್ತು. ಸೋಲುವುದಕ್ಕಿಂತ ದಿಕ್ಕು ಬದಲಿಸುವುದು ಮೇಲು. ಅವಳು ಸೀದಾ ಹೋಗಿ ಕುಂಚಿಗೆಯನ್ನು ನಳಿಗೆಯ ಬಾಯಿಗೆ ತೊಡಿಸಿ, ಕಸೆ ಕಟ್ಟಿ, ಮೇಡಂ ಕಡೆ ತಿರುಗಿದಳು.

"ಹಾಕ್ರೆವ್ವಾ ಕೇಸ್! ಮೂರ ದಿನಾ ಎರದು, ಎಣ್ಣಿ ಹಚ್ಚಿ, ಬೆಚ್ಚಗ ಇಟ್ಟು ನನ್ನ ತಮ್ಮ ಜ್ವಾಕಿ ಮಾಡ್ಯಾನ. ನೀವು ಹಸಿ ನೆಲದಾಗ ಒಗದು ಬರ್ತೀರಿ. ಕೂಸಿರ್ಲಿ ಕಬ್ಬಣಿರ್ಲಿ, ಮಂದೀದು ಇಟ್ಕೊಂಡವ್ರು ಜ್ವಾಕಿ ಮಾಡಬೇಕು."

"ನನ್ನ ಎರಡ ಡಬ್ಬಿ ಉಂಡಿ ಹೋಗ್ಯಾವ ಇದರಾಗ!" ಎಂದಳು ದೌಲತಬಿ. ವಾದಕ್ಕೂ ಉಂಡಿಗೂ ಸಂಬಂಧವೇನೆಂದು ಯಾರೂ ಕೇಳಲಿಲ್ಲ. ಓಣಿಗೆ ಅದು ಬಲವಾದ ಮಾತಾಗಿ ಕಂಡಿತು.

"ಏನು ಬೇಕು ನಿಮಗೆ?" ಎಂದರು ಮೇಡಂ, ಹಣೆ ಒತ್ತಿಕೊಂಡು.

"ಎಲ್ಲಿ ಇಡ್ತೀರಿ, ಆ ಜಾಗಾ ಮೊದಲ ತೋರಸ್ರಿ," ಎಂದ ಅಮಾತೆಪ್ಪ.

ಜೀಪು ಮುಂದೆ, ಕುಂಚಿಗೆ ತೊಟ್ಟ ಬಂದೂಕು ಹಿಂದೆ, ಅದರ ಹಿಂದೆ ಇಡೀ ಓಣಿ. ಹೀಗೆ ಠಾಣೆ ಮುಟ್ಟಿದರು. ಸಾಮಾನಿನ ಕೋಣೆಯ ಕೀಲಿ ತೆಗೆದಾಗ ಒಳಗಿನಿಂದ ಬಾವಿಯ ಗಾಳಿ ಬಂತು. ಮೂಲೆಯಲ್ಲಿ ಬೇರೆ ಊರವರು ಒಪ್ಪಿಸಿದ ಏಳೆಂಟು ಬಂದೂಕುಗಳು ಬಿದ್ದಿದ್ದವು. ಅಮಾತೆಪ್ಪ ಗೋಡೆಗೆ ಅಂಗೈ ಒತ್ತಿ, ಒದ್ದೆ ಅಂಗೈಯನ್ನು ಮೇಡಂ ಮುಂದೆ ಹಿಡಿದ.

"ನಿಮ್ಮ ಟೊಪ್ಪಿಗಿ ಇಲ್ಲಿ ಇಡ್ತೀರೇನ್ರಿ?"

ನಲವತ್ತು ಜನ ನೋಡುತ್ತಿರುವಾಗ ಪೊಲೀಸರು ಹಿಂದೆ ಸರಿಯಬಾರದೆಂದು ಮೇಡಂ ಕಲಿತಿದ್ದರು. "ಯಾಕಿಡಬಾರದು? ಏನೂ ಆಗಲ್ಲ," ಎಂದು ಟೋಪಿ ತೆಗೆದು ಬಂದೂಕುಗಳ ಪಕ್ಕದ ಹಲಗೆಯ ಮೇಲೆ ಇಟ್ಟೇಬಿಟ್ಟರು. "ಒಂದು ವಾರ ಇಲ್ಲೇ ಇರಲಿ. ಕೆಡದೇ ಇದ್ರೆ ಬಂದೂಕು ಇಲ್ಲಿಗೆ ಬರುತ್ತೆ, ನಿಮ್ಮ ಮೇಲೆ ಕೇಸೂ ಬೀಳುತ್ತೆ."

"ಕೆಟ್ರ?"

"ಕೆಟ್ರೆ ಕೇಸಿಲ್ಲ, ಬಂದೂಕು ನೀವು ಹೇಳಿದ ಕಡೆ ಇರುತ್ತೆ. ಅಲ್ಲೀತನಕ ಬಂದೂಕು ನನ್ನ ರೂಮಿನ ಬೀರುವಿನಲ್ಲಿರುತ್ತೆ."

ಅಮಾತೆಪ್ಪ ಬಂದೂಕನ್ನು ಬೀರುವಿನೊಳಗೆ ನಿಲ್ಲಿಸಿ, ಕದ ಹಾಕುವ ಮುನ್ನ ಒಮ್ಮೆ ಮೈ ಸವರಿದ. ಇಂದ್ರಾಬಾಯಿ ಊರಿಗೆ ಹೋಗಲಿಲ್ಲ. "ಅದೇನ್ ಆಗ್ತೈತಿ ನೋಡೇ ಹೋಗ್ತೇನಿ," ಎಂದು ತಮ್ಮನ ಮನೆಯಲ್ಲೇ ಉಳಿದಳು.

ಆ ವಾರ ಎರಡು ದೊಡ್ಡ ಮಳೆ ಬಂದವು. ಅಷ್ಟು ಸಂತೋಷದಿಂದ ಹುನಗುಂದದಲ್ಲಿ ಯಾರೂ ಮಳೆ ನೋಡಿರಲಿಲ್ಲ.

ಮುಂದಿನ ಶನಿವಾರ ಓಣಿಯೆಲ್ಲ ಠಾಣೆಯ ಅಂಗಳದಲ್ಲಿತ್ತು. ಹುಲ್ಲಪ್ಪ ಕೋಣೆಯೊಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಟೋಪಿಯನ್ನು ಎರಡು ಬೆರಳಿಂದ, ಸತ್ತ ಇಲಿಯನ್ನು ಬಾಲ ಹಿಡಿದು ತರುವಂತೆ, ದೂರಕ್ಕೆ ಹಿಡಿದಿದ್ದ. ಮೇಲೆ ಹಸಿರು ಮಕಮಲ್ಲಿನಂಥ ಬೂಸ್ಟು. ಮುಂದಿನ ಬಿಲ್ಲೆ ತುಕ್ಕಿನಲ್ಲಿ ಮುಳುಗಿತ್ತು.

"ಪುಣ್ಯಾ, ಒಳಗ ತಲಿ ಇದ್ದಿದ್ದಿಲ್ಲ," ಎಂದಳು ದೌಲತಬಿ.

ಮೇಡಂ ಟೋಪಿಯನ್ನು ನೋಡಿದರು. ಆಮೇಲೆ ತಮ್ಮ ರೂಮಿಗೆ ಹೋಗಿ, ಬೀರುವಿನಲ್ಲಿದ್ದ ತಮ್ಮ ಇಸ್ತ್ರಿ ಬಟ್ಟೆಗಳನ್ನೆಲ್ಲ ತೆಗೆದು ಕುರ್ಚಿಯ ಮೇಲೆ ಹಾಕಿದರು. "ಹುಲ್ಲಪ್ಪ, ಉಳಿದ ಬಂದೂಕುಗಳನ್ನೂ ಇಲ್ಲಿಗೆ ತನ್ನಿ."

"ಹಂಗs ತರಬ್ಯಾಡೋ!" ಎಂದು ಅಮಾತೆಪ್ಪ ಕೂಗಿದ. "ಒಂದೊಂದಕ್ಕೂ ಮೊದಲ ಗಜ ಹಾಕಿ ನೋಡು. ಬಾಯಿ ಮ್ಯಾಲ ಇರ್ಲಿ. ಒಂದರ ಹಿಂದ ಒಂದು ಬರ್ಲಿ, ಗದ್ಲಾ ಬ್ಯಾಡ!"

ಹುಲ್ಲಪ್ಪ ಮೇಡಂ ಮುಖ ನೋಡಿದ. ಮೇಡಂ ಕಿಟಕಿಯ ಹೊರಗೆ ನೋಡುತ್ತಿದ್ದರು. ಹುಲ್ಲಪ್ಪ ಗಜ ತೆಗೆದುಕೊಂಡ.

ಏಳೆಂಟೂ ಬಂದು ಸಾಲಾಗಿ ನಿಂತವು. ಎಲ್ಲವೂ ಕೆಂಪಗೆ ತುಕ್ಕು ಹಿಡಿದಿದ್ದವು. ಒಡೆಯರು ಯಾವ ಊರಲ್ಲಿ ಏನೂ ಅರಿಯದೆ ಕೂತಿದ್ದರೋ. ಅಮಾತೆಪ್ಪ ಒಂದೊಂದರ ಮೈ ಮುಟ್ಟಿ ಮುಟ್ಟಿ "ಚ್ ಚ್" ಎಂದ.

"ಸಮಾಧಾನ ಆಯ್ತಾ?" ಎಂದರು ಮೇಡಂ. "ಕೇಸಿಲ್ಲ. ಇನ್ನು ಮನೆಗೆ ಹೋಗಿ."

"ಹೋಗ್ತೇನ್ರಿ," ಎಂದು ಅಮಾತೆಪ್ಪ ಅಂಗಿಯ ತೋಳು ಇಳಿಸಿಕೊಂಡ. "ಮುಂಜಾನೆ ಬರ್ತೇನಿ. ದೊಡ್ಡ ಹಂಡೇದಾಗ ನೀರು ಕಾಸಿ ಇಡ್ರಿ."